ಅಮ್ಮನ ಪಕ್ಕದ ಜಾಗ ಕೇಳಲು ಸಹಮ್‌ಗೆ

ತೊಂಬತ್ತಮೂರರ ಬಕ್ರೀದ್ ರಜೆಗೆ ನಾನು ಹಾಕಿಕೊಂಡಿದ್ದ ಕಾರ್ಯಕ್ರಮ ಒಂದೇ, ನಿದ್ದೆ. ಹೆಂಡತಿ ಮಕ್ಕಳು ಊರಿಗೆ ಹೋಗಿದ್ದರು. ರೂವಿಯ ಫ್ಲ್ಯಾಟಿನಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಸ್ಕತ್‌ಗೆ ಬಂದಾಗಿನಿಂದ ಒಂದೇ ಆಫೀಸಿನ ಒಂದೇ ಕುರ್ಚಿಯಲ್ಲಿ ಕೂತವನ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುವಂಥದ್ದಲ್ಲ, ಅದಕ್ಕೆ ಸಾಲಾಗಿ ನಾಲ್ಕೈದು ದಿನ ಬೇಕು. ಆ ಸಲ ಸಿಕ್ಕಿತ್ತು ಎಂದುಕೊಂಡಿದ್ದೆ. ಗುರುವಾರ ಸಂಜೆ ಫೋನ್ ಬಂತು.

ಫೋನ್ ಮಾಡಿದವರು ಆಗ್ನೆಸ್. ನಮ್ಮ ಕನ್ಸಲ್ಟೆನ್ಸಿಯಲ್ಲಿ ಬಾವಿ ಮತ್ತು ಅಂತರ್ಜಲ ನೋಡಿಕೊಳ್ಳುವ ಹಂಗೇರಿಯದ ಇಂಜಿನಿಯರ್. ಬೌಷರ್‌ನಲ್ಲಿ ಅವರ ಮನೆ. ಬುಡಾಪೆಸ್ಟಿನಲ್ಲಿ ಇತಿಹಾಸದ ಪ್ರೊಫೆಸರ್ ಆಗಿ ನಿವೃತ್ತರಾದ ಅವರ ತಂದೆ ಮಗಳ ಮನೆಗೆ ಬಂದು ತಿಂಗಳಾಗಿತ್ತು. "ನಾಳೆ ಅಪ್ಪನನ್ನು ಸಹಮ್‌ಗೆ ಕರೆದುಕೊಂಡು ಹೋಗಿ ಬರುತ್ತೀರಾ? ಅಲ್ಲಿ ನನ್ನ ಅತ್ತೆ ಇದ್ದಾರೆ, ಅಪ್ಪನ ತಂಗಿ. ಮೂರು ವರ್ಷದಿಂದ ಅಣ್ಣ ತಂಗಿಗೆ ಮಾತಿಲ್ಲ" ಎಂದರು. ನೀವೇ ಹೋಗಬಹುದಲ್ಲ ಎಂದೆ. "ನಾನು ಹೋದರೆ ಇಬ್ಬರೂ ನನ್ನ ಮುಖ ನೋಡಿಕೊಂಡು ಮಾತಾಡುತ್ತಾರೆ. ಅದು ನನಗೆ ಸಾಕಾಗಿ ಹೋಗಿದೆ. ನಿಮಗೆ ಇಂಥದ್ದೆಲ್ಲ ಅಭ್ಯಾಸ ಇದೆಯಲ್ಲ."

ಇಂಥದ್ದು ಅಂದರೆ ಎಂಥದ್ದು ಎಂದು ನಾನು ಕೇಳಲಿಲ್ಲ. ಆಫೀಸಿನಲ್ಲಿ ವೀಸಾ, ಲೇಬರ್ ಕಾರ್ಡು, ಪೊಲೀಸು, ಆಸ್ಪತ್ರೆ ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಯಾರಾದರೂ ತೀರಿಕೊಂಡರೆ ಹೆಣವನ್ನು ಊರಿಗೆ ಕಳಿಸುವುದೂ ನನ್ನದೇ ಕೆಲಸ. ಆಗುವುದಿಲ್ಲ ಎನ್ನಲು ನಾಲಗೆ ಹೊರಳಲಿಲ್ಲ. ರಜೆಯ ನಿದ್ದೆಗೆ ಅಲ್ಲಿಗೆ ಖಲಾಸ್.

ಮರುದಿನ ಬೆಳಿಗ್ಗೆ ಆರೂವರೆಗೆ ಬೌಷರ್ ತಲುಪಿದಾಗ ಪ್ರೊಫೆಸರ್ ಲಾಯೋಶ್ ಕೆಳಗೆ ಬಂದು ನಿಂತಿದ್ದರು. ಎಪ್ಪತ್ತು ದಾಟಿದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಆ ಸೆಕೆಗೆ ಕೋಟು ಹಾಕಿದ್ದರು. ಕೈಯಲ್ಲಿ ಒಂದು ಚಾಕಲೇಟು ಡಬ್ಬಿ. ಅಷ್ಟು ಹೊತ್ತಿಗೇ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಕಾರಿನಲ್ಲಿ ಕೂತವರೇ ಚಾಕಲೇಟು ಡಬ್ಬಿಯನ್ನು ಏಸಿಯ ಬಾಯಿಗೆ ಹಿಡಿದರು. ಬೆಲ್ಟ್ ಹಾಕಿಕೊಳ್ಳಿ ಎಂದೆ. "ನನ್ನ ವಯಸ್ಸಿನಲ್ಲಿ ಬೇರೆ ಎಷ್ಟೋ ದಾರಿಗಳಿವೆ, ಅಪಘಾತವೇ ಆಗಬೇಕೆಂದಿಲ್ಲ" ಎಂದು ನಕ್ಕರು. ಹಾಕಿಕೊಳ್ಳಲಿಲ್ಲ.

ಬೌಷರ್‌ನಿಂದ ಸಹಮ್ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಹಂಚಿಕೆಯ ಟ್ಯಾಕ್ಸಿಯಲ್ಲಿ ಹೋದರೆ ಸೀಟಿಗೆ ಎರಡು ರಿಯಾಲ್, ಜೊತೆಗೆ ಯಾರದೋ ಆಡಿನ ವಾಸನೆ ಉಚಿತ. ಸ್ವಂತ ಕಾರಿನಲ್ಲಿ ಎರಡು ಗಂಟೆಯ ದಾರಿ. ಎಡಕ್ಕೆ ದೂರದಲ್ಲಿ ಬೋಳು ಬೆಟ್ಟ, ಬಲಕ್ಕೆ ಕಾಣದ ಸಮುದ್ರ, ನಡುವೆ ನೇರ ರಸ್ತೆ, ಊರಿಗೊಂದು ರೌಂಡ್ ಅಬೌಟ್. ಅದರ ನಡುವೆ ಸಿಮೆಂಟಿನ ಕಾಫಿ ಕೆಟಲ್, ಇಲ್ಲವೇ ಸಿಮೆಂಟಿನ ಹಡಗು. ಸೀಬ್ ದಾಟಿದ ಮೇಲೆ ನನ್ನ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತಿತು. ಕಾರಿನ ಒಳಗೆ ಟಿಣ್ ಟಿಣ್ ಎಂದು ಗಂಟೆ ಬಾರಿಸತೊಡಗಿತು. ಪ್ರೊಫೆಸರ್ ಬೆಚ್ಚಿ ನನ್ನ ಮುಖ ನೋಡಿದರು. ಗಲ್ಫಿಗೆ ಬರುವ ಕಾರುಗಳಲ್ಲಿ ವೇಗ ನೂರಿಪ್ಪತ್ತು ದಾಟಿದರೆ ಹೀಗೆ ಗಂಟೆ ಹೊಡೆಯುತ್ತದೆ, ನಮಗೆಲ್ಲ ಅದು ಕಿವಿಗೇ ಬೀಳುವುದಿಲ್ಲ ಎಂದು ವಿವರಿಸಿದೆ. "ನನ್ನ ಡಾಕ್ಟರೂ ಹೀಗೇ ಒಂದು ಗಂಟೆ ಹೊಡೆದಿದ್ದಾರೆ" ಎಂದು ಅವರು ಎದೆ ಮುಟ್ಟಿಕೊಂಡರು. ಹೃದಯ ಚೆನ್ನಾಗಿಲ್ಲವಂತೆ, ವ್ಯವಹಾರಗಳಿದ್ದರೆ ಮುಗಿಸಿಕೊಳ್ಳಿ ಎಂದಿದ್ದಾರಂತೆ.

ಬರ್ಕಾ ಬರುವ ಮುಂಚೆ ಅವರ ವ್ಯವಹಾರ ಏನೆಂದು ಗೊತ್ತಾಯಿತು. ಅವರು ಹುಟ್ಟಿದ ಊರಿಗೆ ಹಂಗೇರಿಯವರು ಕೊಲೊಜ್ವಾರ್ ಎನ್ನುತ್ತಾರೆ, ರುಮೇನಿಯದವರು ಕ್ಲುಜ್ ಎನ್ನುತ್ತಾರೆ. ಈಗ ಇರುವುದು ರುಮೇನಿಯದಲ್ಲಿ. ಅಲ್ಲಿಯ ಗುಡ್ಡದ ಸ್ಮಶಾನದಲ್ಲಿ ಅವರ ಅಮ್ಮನ ಗೋರಿ ಇದೆ. ಅದರ ಪಕ್ಕದಲ್ಲಿ ಒಬ್ಬರಿಗೆ ಜಾಗ ಇದೆ. ಜಾಗ ತಂಗಿ ಮಾರ್ಗಿತ್ ಹೆಸರಿನಲ್ಲಿದೆ, ಆಕೆ ಒಪ್ಪದೆ ಅಲ್ಲಿ ಯಾರನ್ನೂ ಮಣ್ಣು ಮಾಡುವಂತಿಲ್ಲ. ಪ್ರೊಫೆಸರಿಗೆ ಆ ಜಾಗ ಬೇಕಿತ್ತು. ಅದನ್ನು ಕೇಳಲು ಅವರು ಬುಡಾಪೆಸ್ಟಿನಿಂದ ಒಮಾನಿಗೆ ಬಂದಿದ್ದರು, ಮಗಳನ್ನು ನೋಡಲು ಎಂದು ಹೇಳಿಕೊಂಡು.

"ತಂಗಿಯಲ್ಲವೇ, ಕೇಳಿದರೆ ಕೊಡದೆ ಇರುತ್ತಾರೆಯೇ?" ಎಂದೆ.

"ನೀವು ನನ್ನ ಪುಸ್ತಕ ಓದಿಲ್ಲ, ಅದಕ್ಕೇ ಹಾಗೆ ಹೇಳುತ್ತೀರಿ."

ಅಲ್ಲಿಂದ ಸುವೈಕ್‌ವರೆಗೆ ನನಗೆ ಪಾಠ ನಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಹಂಗೇರಿ ಸೋತಿತು. ಗೆದ್ದವರು ಪ್ಯಾರಿಸ್ ಪಕ್ಕದ ತ್ರಿಯಾನೋ ಎಂಬ ಅರಮನೆಯಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಹಂಗೇರಿ ರಾಜ್ಯದ ಮೂರರಲ್ಲಿ ಎರಡು ಪಾಲು ನೆಲ ನೆರೆಯವರಿಗೆ ಹೋಯಿತು. ಆ ಭಾಷೆಯವರಲ್ಲಿ ಮೂರರಲ್ಲೊಬ್ಬ ಬೇರೆ ದೇಶದವನಾದ. "ಎಲ್ಲೆಲ್ಲಿ ಅವರಿಗೆ ರೈಲುದಾರಿ ಬೇಕಿತ್ತೋ ಅಲ್ಲಿಯ ಊರುಗಳೂ ರೈಲಿನ ಜೊತೆಗೇ ಹೋದವು. ಜನರನ್ನು ಕೇಳಿದ್ದು ಎಲ್ಲೋ ಒಂದು ಕಡೆ ಮಾತ್ರ. ಅದು ಅನ್ಯಾಯ. ನಾನು ಹಾಗೆಂದೇ ಬರೆದಿದ್ದೇನೆ. ಸಹಿಯಾದದ್ದು ಜೂನ್ ನಾಲ್ಕಕ್ಕೆ. ಇವತ್ತೇ." ಪ್ರತಿ ವರ್ಷ ಈ ದಿನ ಯಾರಾದರೂ ಅವರಿಗೆ ಫೋನ್ ಮಾಡಿ ಬೈಯುತ್ತಾರಂತೆ. ಈ ಸಲ ಫೋನಿನ ಕೈಗೆ ಸಿಗದೆ ತಪ್ಪಿಸಿಕೊಂಡೆ ಎಂದು ಮಗುವಿನ ಹಾಗೆ ಖುಷಿಪಟ್ಟರು.

ಅನ್ಯಾಯ ಎಂದು ಬರೆದವರನ್ನು ಯಾಕೆ ಬೈಯಬೇಕು ಎಂದು ಕೇಳಿದೆ. ಅನ್ಯಾಯ ಎಂಬುದು ಪುಸ್ತಕದ ಅರ್ಧ ಮಾತ್ರವಂತೆ. ಉಳಿದರ್ಧದಲ್ಲಿ, ಅದಕ್ಕೂ ಮುಂಚೆ ಐವತ್ತು ವರ್ಷ ನಾವು ರುಮೇನಿಯನ್ನರಿಗೆ, ಸ್ಲೊವಾಕರಿಗೆ ಅವರ ಮಕ್ಕಳ ಶಾಲೆಯಲ್ಲಿ ನಮ್ಮ ಭಾಷೆ ತುರುಕಿದೆವು, ಅವರು ಸಿಟ್ಟಾದದ್ದು ಸುಮ್ಮನೆ ಅಲ್ಲ ಎಂದು ಬರೆದಿದ್ದಾರೆ. ಹೋದ ನೆಲದ ದುಃಖವನ್ನೇ ಮಕ್ಕಳಿಗೆ ಕಲಿಸುತ್ತಾ ಕೂತದ್ದು ಒಪ್ಪಂದಕ್ಕಿಂತ ದೊಡ್ಡ ಹಾನಿ ಮಾಡಿತು, ಇನ್ನು ಆ ಗಡಿಯನ್ನು ಇರುವ ಹಾಗೇ ಬಿಟ್ಟು ಬದುಕಬೇಕು ಎಂದೂ ಬರೆದಿದ್ದಾರೆ. "ನಮ್ಮವರು ನನ್ನನ್ನು ದ್ರೋಹಿ ಎನ್ನುತ್ತಾರೆ. ಆಚೆಯವರು ಒಂದರ್ಧ ಓದಿ ಶಾಲು ಹೊದಿಸುತ್ತಾರೆ, ಇನ್ನೊಂದರ್ಧ ತೆರೆಯುವುದಿಲ್ಲ. ನನಗೆ ಇಬ್ಬರೂ ಸಾಕಾಗಿದ್ದಾರೆ."

ನಾನು ಮಂಜೇಶ್ವರದವನು. ಐವತ್ತಾರರಲ್ಲಿ ಭಾಷೆ ನೋಡಿ ರಾಜ್ಯಗಳನ್ನು ಹಂಚಿದಾಗ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯೇ ಗಡಿಯಾಗಬೇಕಿತ್ತು ಎಂದು ಹೇಳುತ್ತಲೇ ನನ್ನ ಅಪ್ಪ ತೀರಿಕೊಂಡರು. ನವೆಂಬರ್ ಒಂದಕ್ಕೆ ಮಂಗಳೂರಿನಲ್ಲಿ ರಾಜ್ಯೋತ್ಸವದ ಬಾವುಟ ಹಾರಿದರೆ ನಮ್ಮ ಮನೆಯಲ್ಲಿ ಅಪ್ಪ ಮಧ್ಯಾಹ್ನ ಊಟ ಬಿಡುತ್ತಿದ್ದರು. ಇದನ್ನು ಪ್ರೊಫೆಸರಿಗೆ ಹೇಳಿದೆ. ಅವರು ತುಂಬ ಗಂಭೀರವಾಗಿ, "ರಾತ್ರಿ?" ಎಂದು ಕೇಳಿದರು.

"ರಾತ್ರಿ ಮೀನಿನ ಸಾರು ಎರಡು ಸಲ ಬಡಿಸಿಕೊಳ್ಳುತ್ತಿದ್ದರು."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು: "ನಿಮ್ಮ ಅಪ್ಪ ಪುಣ್ಯವಂತರು. ನಮ್ಮವರು ರಾತ್ರಿಯೂ ಉಣ್ಣಲಿಲ್ಲ. ಇಪ್ಪತ್ತು ವರ್ಷ ಉಪವಾಸ ಕೂತರು. ಕೊನೆಗೆ ಬಡಿಸುತ್ತೇನೆ ಎಂದು ಕರೆದವನು ಹಿಟ್ಲರ್. ಅವನ ಮನೆಯಲ್ಲಿ ಹೋಗಿ ಉಂಡರು." ನಲವತ್ತರಲ್ಲಿ ಹಿಟ್ಲರನ ಕೃಪೆಯಿಂದ ಕೊಲೊಜ್ವಾರ್ ಹಂಗೇರಿಗೆ ವಾಪಸು ಬಂತಂತೆ. ಆಗ ಹದಿನೆಂಟು ವರ್ಷದ ಹುಡುಗನಾಗಿದ್ದ ಇವರು ರಸ್ತೆ ಬದಿ ನಿಂತು ಹಂಗೇರಿಯ ಸೈನಿಕರಿಗೆ ಹೂ ಎಸೆದರು. ಎಂಟು ವರ್ಷದ ಮಾರ್ಗಿತ್ ಅಣ್ಣನ ಹೆಗಲ ಮೇಲಿದ್ದಳು. ನಾಲ್ಕು ವರ್ಷ ಕಳೆದು ಅದೇ ಊರಿನ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದರು. ಇವರ ಶಾಲೆಯ ಗೆಳೆಯನೂ ಅದರಲ್ಲಿದ್ದ. ಯುದ್ಧ ಮುಗಿದು ಗಡಿ ಮತ್ತೆ ಹಿಂದಿನ ಜಾಗಕ್ಕೆ ಹೋದಾಗ ಓದಲು ಬುಡಾಪೆಸ್ಟಿಗೆ ಹೋಗಿದ್ದ ಅಣ್ಣ ಅಲ್ಲೇ ಉಳಿದ, ಅಮ್ಮ ಮತ್ತು ತಂಗಿ ಆಚೆ ಉಳಿದರು. "ಹೂ ಎಸೆದವನು ನಾನೇ ಅಲ್ಲವೇ? ಅದಕ್ಕೇ ಬರೆದೆ" ಎಂದರು. ಸುವೈಕ್‌ನ ರೌಂಡ್ ಅಬೌಟ್ ಬಂದದ್ದು ಒಳ್ಳೆಯದಾಯಿತು.

ಸುವೈಕ್‌ನಲ್ಲಿ ಒಂದು ಕೋಲ್ಡ್ ಸ್ಟೋರೇಜಿನ ಲೆಕ್ಕಪತ್ರ ನೋಡುವ ಫೆಲಿಕ್ಸ್ ನನ್ನ ಹಳೆಯ ಸ್ನೇಹಿತ, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ಮಸ್ಕತ್‌ನಿಂದ ಉತ್ತರಕ್ಕೆ ಹೋಗುವ ನಮ್ಮ ಕರಾವಳಿಯವರಿಗೆಲ್ಲ ಅವನ ಮನೆಯೇ ಚಾ ಕುಡಿಯುವ ಜಾಗ. ಹೆಂಡತಿ ಐರಿನ್ ಅಕ್ಕಿ ಹಿಟ್ಟಿನ ಬಿಸಿ 'ಸಣ್ಣ' ಮತ್ತು ಕೋಳಿ ಸಾರು ಮಾಡಿಟ್ಟಿದ್ದಳು. ಇಡ್ಲಿಯ ಅಕ್ಕನಂತಿರುವ ಆ ಸಣ್ಣವನ್ನು ಪ್ರೊಫೆಸರ್ ಎರಡೂ ಕೈಯಲ್ಲಿ ಹಿಡಿದು ತಿಂದರು. ಫೆಲಿಕ್ಸ್ ನನ್ನನ್ನು ಪಕ್ಕಕ್ಕೆ ಎಳೆದ.

"ಎಂತ ಮಾರಾಯಾ, ಹಬ್ಬದ ರಜೆಯಲ್ಲಿ ಈ ಅಜ್ಜನನ್ನು ಹಿಡ್ಕೊಂಡು ಎಲ್ಲಿಗೆ?"

ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಅಷ್ಟೇ ಅಲ್ವಾ? ನಮ್ಮ ಇಗರ್ಜಿಯ ಸಿಮಿತ್ರಿಯಲ್ಲಿ ಈ ಗಲಾಟೆಯೇ ಇಲ್ಲ. ಮನೆಗೆ ಒಂದೇ ಗುಂಡಿ. ಅಜ್ಜನ ಮೇಲೆ ಅಜ್ಜಿ, ಅಜ್ಜಿಯ ಮೇಲೆ ನಾವು. ಬದುಕಿದ್ದಾಗ ಮಾತು ಬಿಟ್ಟವರೂ ಅಲ್ಲಿ ಅಂಟಿಕೊಂಡೇ ಮಲಗ್ಬೇಕು. ನಿನ್ನದು ಬಿಡು, ನೀನು ಕೇರಳದವ. ನಿನ್ನನ್ನು ಟ್ರಿವೇಂಡ್ರಮ್‌ಗೆ ಕಳಿಸ್ತಾರೆ."

ತಮಾಷೆ ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕಾರಿಗೆ ಹತ್ತಿದ ಮೇಲೆ ಪ್ರೊಫೆಸರಿಗೂ ಹೇಳಿದೆ. ಕೆಲವು ವರ್ಷಗಳ ಹಿಂದೆ ಕುಂಬಳೆಯ ಒಬ್ಬ ಡ್ರೈವರ್ ಇಲ್ಲಿ ತೀರಿಕೊಂಡ. ಬೇರೆ ಕಂಪೆನಿಯವನು. ಅವನ ಮನೆಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಬೊಂಬಾಯಿಯ ಮೇಲೆ ಮಂಗಳೂರಿಗೆ ಕಳಿಸಬೇಕಿತ್ತು. ಟಿಕೆಟ್ ಮಾಡಿದ ಗುಮಾಸ್ತ ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿದ್ದನ್ನು ನೋಡಿ ಪೆಟ್ಟಿಗೆಯನ್ನು ತಿರುವನಂತಪುರಕ್ಕೆ ಹತ್ತಿಸಿಬಿಟ್ಟ. ಅಣ್ಣ ತಮ್ಮಂದಿರು ಕೇರಳದ ಆ ತುದಿಗೆ ಹೋಗಿ, ಒಂದಿಡೀ ಹಗಲು ವ್ಯಾನಿನಲ್ಲಿ ಹೆಣದ ಜೊತೆ ಕೂತು ಮನೆಗೆ ಬಂದರು. ಅಂದಿನಿಂದ ನಮ್ಮ ಆಫೀಸಿನಲ್ಲಿ ಕಾಸರಗೋಡಿನವರು ಯಾರೇ ಇರಲಿ, ಅವರ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಮಂಗಳೂರು ಎಂದು ನಾನೇ ಬರೆದಿಡುತ್ತೇನೆ. ನನ್ನ ಫೈಲಿನ ಮೇಲೂ ಬರೆದಿದ್ದೇನೆ.

ಖಾಬೂರಾದ ಹತ್ತಿರ ಸಮುದ್ರದ ಬದಿಯ ಖರ್ಜೂರದ ತೋಟಗಳು ಒಣಗಿ ನಿಂತಿದ್ದವು. ಪಂಪು ಹಾಕಿ ನೀರೆಳೆದು ಎಳೆದು ಬಾವಿಗೆ ಉಪ್ಪುನೀರು ನುಗ್ಗಿದೆ ಎಂದು ಆಗ್ನೆಸ್ ಆಫೀಸಿನಲ್ಲಿ ಹೇಳುತ್ತಿದ್ದುದು ನೆನಪಾಯಿತು. ತಲೆ ಉದುರಿದ ಮರಗಳ ಸಾಲು ಮುಗಿಯುವವರೆಗೂ ಪ್ರೊಫೆಸರ್ ಅವನ್ನೇ ನೋಡುತ್ತಿದ್ದರು. "ಆಕೆ ಇಲ್ಲ ಎಂದರೆ ನಾನು ಬುಡಾಪೆಸ್ಟಿನಲ್ಲಿ ಯಾರೋ ಗೊತ್ತಿಲ್ಲದವರ ಪಕ್ಕ ಮಲಗಬೇಕು" ಎಂದರು. ಅವರ ಕೈಯಲ್ಲಿ ಚಾಕಲೇಟು ಕರಗಿರಬೇಕು. ಡಬ್ಬಿ ಅಲುಗಿಸಿ ನೋಡಿ ಹಾಗೇ ಇಟ್ಟುಕೊಂಡರು.

ಹತ್ತು ಗಂಟೆಯ ಹೊತ್ತಿಗೆ ಸಹಮ್ ಸಿಕ್ಕಿತು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಹಬ್ಬದ ಹೊಸ ಬಟ್ಟೆ ಹಾಕಿದ ಮಕ್ಕಳು ರಸ್ತೆಯಲ್ಲಿದ್ದರು. ಡಾಕ್ಟರ್ ಮಾರ್ಗಿತ್ ಮಕ್ಕಳ ಡಾಕ್ಟರು. ಎರಡು ವರ್ಷದ ಹಿಂದೆ ಆಗ್ನೆಸ್ ಅವರೇ ಇಲ್ಲಿಯ ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ ಹುಡುಕಿ ಕರೆಸಿಕೊಂಡಿದ್ದರು. ಕ್ಲಿನಿಕ್ಕಿನ ಪರವಾನಗಿ ಶೇಖ್ ಹಮೂದ್ ಎಂಬ ಮುದುಕರ ಹೆಸರಿನಲ್ಲಿತ್ತು, ಅಂದರೆ ಅವರೇ ಕಫೀಲ್, ಡಾಕ್ಟರರ ವೀಸಾಕ್ಕೆ ಹೊಣೆಯಾದ ಮಾಲೀಕರು. ಅವರ ಲಿಂಬೆ ತೋಟದ ಒಳಗಿನ ಹೊರಮನೆಯಲ್ಲೇ ಡಾಕ್ಟರರ ವಾಸ. ಕಾರು ನಿಲ್ಲಿಸಿದಾಗ ಆ ಮನೆಯ ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿತು. ಬಾಗಿಲು ತೆರೆಯಲಿಲ್ಲ. ಪ್ರೊಫೆಸರ್ ಡಬ್ಬಿ ಹಿಡಿದುಕೊಂಡು ಬಿಸಿಲಿನಲ್ಲಿ ನಿಂತರು. ನನಗೆ ಆ ಹೆಂಗಸಿನ ಮೇಲೆ ಸಿಟ್ಟೇ ಬಂತು.

ಕಾರಿನ ಸದ್ದಿಗೆ ಶೇಖರೇ ಹೊರಗೆ ಬಂದರು. ಬಾತಿನಾ ಎನ್ನುವ ಈ ಕರಾವಳಿಯ ಹಳಬರಿಗೆ ಹಿಂದಿ ಬರುತ್ತದೆ. "ಬಾಹರ್ ಕ್ಯೂಂ ಖಡೇ ಹೋ? ತಫದ್ದಲ್, ಅಂದರ್ ಆವೋ" ಎಂದು ಇಬ್ಬರನ್ನೂ ಕೈಹಿಡಿದು ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ಗೆ ಎಳೆದುಕೊಂಡು ಹೋದರು. ಇವರು ಡಾಕ್ಟರರ ಅಣ್ಣ ಎಂದೆ. ಅವರು ನನ್ನನ್ನು, ಪ್ರೊಫೆಸರನ್ನು, ಮುಚ್ಚಿದ ಕಿಟಕಿಯನ್ನು ನೋಡಿದರು. ಏನೂ ಕೇಳದೆ ಮೊಮ್ಮಗಳನ್ನು ಕಳಿಸಿ, ಡಾಕ್ಟರಮ್ಮ ಬಂದು ಕಾಫಿ ಕುಡಿಯಬೇಕಂತೆ ಎಂದು ಹೇಳಿಸಿದರು. ಕಫೀಲ್ ಕರೆದಾಗ ಬರದೆ ಇರಲಾಗದು. ಬೂದುಗೂದಲಿನ ಸಣಕಲು ಹೆಂಗಸು ಬಂದು, ಅಣ್ಣನ ಎದುರು ಗೋಡೆಗೆ ಒರಗಿ, ಅಣ್ಣನ ಕಡೆ ನೋಡದೆ ಕೂತರು.

ಒಮಾನಿನ ಹಳಬರ ಮನೆಯಲ್ಲಿ ಒಂದು ಪದ್ಧತಿ ಇದೆ. ದೂರದಿಂದ ಬಂದವನು ಖರ್ಜೂರ ತಿಂದು ಕಾಫಿ ಕುಡಿದ ಮೇಲೆ ಮನೆಯ ಯಜಮಾನ ಅವನ 'ಉಲೂಮ್' ಕೇಳುತ್ತಾನೆ, ಅಂದರೆ ಸುದ್ದಿ. ಬಂದವನು "ಸುದ್ದಿ ಏನಿಲ್ಲ, ಎಲ್ಲ ಒಳ್ಳೆಯದೇ" ಎನ್ನಬೇಕು. ಮನೆಗೆ ಬೆಂಕಿ ಬಿದ್ದು ಓಡಿ ಬಂದಿದ್ದರೂ ಮೊದಲು ಹಾಗೆಯೇ ಹೇಳಬೇಕು. ಮತ್ತೆ ಕೇಳಿದ ಮೇಲೆ ನಿಧಾನವಾಗಿ ನಿಜ ಸುದ್ದಿ ಹೇಳಬಹುದು. ಹೇಳುವಾಗ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಇದನ್ನೆಲ್ಲ ನಾನು ಕಾರಿನಲ್ಲೇ ಹೇಳಬಹುದಿತ್ತು, ಆದರೆ ಪ್ರೊಫೆಸರ್ ನನಗೆ ಬಿಡುವೆಲ್ಲಿ ಕೊಟ್ಟರು?

ಶೇಖರು ಕೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ: "ಏನು ಸುದ್ದಿ ಎಂದು ಕೇಳುತ್ತಿದ್ದಾರೆ."

ಒಬ್ಬ ಚರಿತ್ರೆಕಾರನನ್ನು ಸುದ್ದಿ ಕೇಳಬಾರದು. ಪ್ರೊಫೆಸರ್ ಗಂಟಲು ಸರಿಮಾಡಿಕೊಂಡು ಸಾವಿರದ ಒಂಬೈನೂರ ಇಪ್ಪತ್ತರಿಂದ ಪ್ರಾರಂಭಿಸಿದರು. ನಾನು ಒದ್ದಾಡಿದೆ. ಅಷ್ಟು ದೊಡ್ಡ ಒಪ್ಪಂದವನ್ನು ನನ್ನ ಅಂಗಡಿ ಅರಬಿ, ಬೊಂಬಾಯಿ ಹಿಂದಿಯಲ್ಲಿ ಹೇಳಬೇಕಲ್ಲ. "ದೊಡ್ಡ ಯುದ್ಧ ಆಯಿತಂತೆ. ಇವರು ಸೋತರಂತೆ. ಗೆದ್ದವರು ನೆಲ ಹಂಚಿದರಂತೆ. ಹಂಚಿದ್ದು ಸರಿಯಾಗಲಿಲ್ಲವಂತೆ. ಆದರೆ ಅದಕ್ಕೂ ಮುಂಚೆ ಇವರೂ ಸರಿಯಿರಲಿಲ್ಲವಂತೆ." ಶೇಖರು ಒಂದೊಂದಕ್ಕೂ ತಲೆಯಾಡಿಸಿದರು. ಎದುರಿನಿಂದ ಡಾಕ್ಟರರು ಒಮ್ಮೆ ಬಾಯಿ ತೆರೆದರು. ಶೇಖರು ಅಂಗೈ ಎತ್ತಿ ತಡೆದರು. ಡಾಕ್ಟರರು ಸುಮ್ಮನೆ ಕೂತು ಅಣ್ಣನ ಮಾತನ್ನು ಪೂರ್ತಿ ಕೇಳಬೇಕಾಯಿತು. ಮೂರು ವರ್ಷದಲ್ಲಿ ಅದೇ ಮೊದಲು ಇರಬೇಕು.

ಪ್ರೊಫೆಸರ್ ಹಿಟ್ಲರನನ್ನು ದಾಟಿದ ಮೇಲೆ ಶೇಖರು ಕಾಫಿ ಬಟ್ಟಲು ಕೆಳಗಿಟ್ಟರು. "ಇದು ಹಳೇ ಸುದ್ದಿ. ಹೊಸ ಸುದ್ದಿ ಏನು? ಇವತ್ತು ಇಷ್ಟು ದೂರ ಯಾಕೆ ಬಂದ, ಕೇಳು."

ಕೇಳಿದೆ. ಪ್ರೊಫೆಸರ್ ತಂಗಿಯ ಪಾದ ನೋಡಿಕೊಂಡು ಇಂಗ್ಲಿಷಿನಲ್ಲೇ, "ನನಗೆ ಅಮ್ಮನ ಪಕ್ಕದ ಜಾಗ ಬೇಕು" ಎಂದರು. ಇಷ್ಟನ್ನು ತಿರುಗಿಸಲು ನನ್ನ ಅರಬಿ ಸಾಕಾಯಿತು.

ಶೇಖರು ಡಾಕ್ಟರರ ಕಡೆ ತಿರುಗಿದರು. "ಈಗ ನಿನ್ನ ಸುದ್ದಿ ಹೇಳು, ಮಗಳೇ."

ಡಾಕ್ಟರರು ಮೊದಲು ಪದ್ಧತಿಯಂತೆ ಅರಬಿಯಲ್ಲಿ ಹೇಳಿದರು, "ಸುದ್ದಿ ಏನಿಲ್ಲ, ಎಲ್ಲ ಒಳ್ಳೆಯದೇ." ಮುಖ ಕೆಂಪಾಗಿತ್ತು. ಶೇಖರು ಮತ್ತೊಮ್ಮೆ ಕೇಳಿದರು. ಆಗ ಅವರು ಇಂಗ್ಲಿಷಿಗೆ ತಿರುಗಿ ನನ್ನನ್ನು ನೋಡಿ ಮಾತಾಡಿದರು.

"ಇವರಿಗೆ ಹೇಳಿ. ಈತ ಇಡೀ ದೇಶಕ್ಕೆ, ನೆಲ ಕೇಳಬೇಡಿ, ಹೋದದ್ದು ಹೋಯಿತು ಎಂದು ಹೇಳಿದವನು. ಈಗ ತಾನೇ ನೆಲ ಕೇಳಲು ಬಂದಿದ್ದಾನೆ, ಅದೂ ನನ್ನ ಹತ್ತಿರ."

ಪ್ರೊಫೆಸರ್ ಏನೋ ಹೇಳಲು ಹೋದರು. ಶೇಖರ ಅಂಗೈ ಈ ಸಲ ಅವರ ಕಡೆ ಎದ್ದಿತು.

"ಗಡಿ ಹಾಗೇ ಇರಲಿ ಎಂದು ಬರೆಯುವುದು ಸುಲಭ. ಗಡಿಯ ಆಚೆ ಇದ್ದವಳು ನಾನು. ಆಸ್ಪತ್ರೆಯಲ್ಲಿ ನಮ್ಮ ಮಕ್ಕಳ ಹತ್ತಿರ ನಮ್ಮ ಭಾಷೆಯಲ್ಲಿ ಪಿಸುಮಾತಿನಲ್ಲಿ ಮಾತಾಡಿದೆ, ಯಾರಾದರೂ ಕೇಳಿಸಿಕೊಂಡಾರೆಂದು. ಹಾಗೇ ಮುದುಕಿಯಾದೆ. ಮೂರು ವರ್ಷದ ಹಿಂದೆ ಈತ ಟೀವಿಯಲ್ಲಿ ಕೂತು, ನಾವೂ ತಪ್ಪು ಮಾಡಿದ್ದೆವು, ನ್ಯಾಯವಾಗಿ ನೋಡೋಣ ಎಂದ. ಮರುದಿನ ಪಕ್ಕದ ಮನೆಯಾಕೆ ಬಂದು ಕೇಳಿದಳು, ನಿನ್ನ ಅಣ್ಣ ನಮ್ಮನ್ನು ಕೊಟ್ಟುಬಿಟ್ಟನಾ ಎಂದು. ನಾನು ಏನು ಹೇಳಲಿ? ನನ್ನ ಪರವಾಗಿ ಕ್ಷಮಿಸಲು ಈತನಿಗೆ ಯಾರು ಹೇಳಿದರು?"

ನಾನು ಅದನ್ನು ಶೇಖರಿಗೆ ಹೇಳಿದೆ, ಎಷ್ಟಾಯಿತೋ ಅಷ್ಟು. ಹೇಳುವಾಗ ಅಪ್ಪನ ನೆನಪಾಯಿತು. ಬೆಂಗಳೂರಿನ ಯಾವನಾದರೂ ಪ್ರೊಫೆಸರ್, ಕಾಸರಗೋಡು ಹೋದರೆ ಹೋಗಲಿ ಎಂದಿದ್ದರೆ ಅಪ್ಪ ರಾತ್ರಿಯ ಊಟವನ್ನೂ ಬಿಡುತ್ತಿದ್ದರು. ಬೆಳಿಗ್ಗೆಯಿಂದ ನಾನು ಅಣ್ಣನ ಪಕ್ಷದಲ್ಲಿದ್ದೆ. ಈಗ ತಂಗಿಯದೂ ಸರಿ ಅನ್ನಿಸಿ ತಲೆ ಸಿಡಿಯತೊಡಗಿತು. ಈ ರಜೆಯಲ್ಲಿ ನನಗಿದು ಬೇಕಿತ್ತೇ ಎಂದು ಮನಸ್ಸಿನಲ್ಲೇ ಆಗ್ನೆಸ್ ಅವರನ್ನು ಬೈದುಕೊಂಡೆ.

ಪ್ರೊಫೆಸರ್ ತಮ್ಮ ಸರದಿ ಬಂದಾಗ ಬಹಳ ಮೆಲ್ಲಗೆ ಹೇಳಿದರು. "ಬರೆದದ್ದನ್ನು ಮತ್ತೆ ಬರೆಯಬೇಕಾದರೂ ಹಾಗೆಯೇ ಬರೆಯುತ್ತೇನೆ. ಅದರಲ್ಲಿ ಸುಳ್ಳಿಲ್ಲ. ಆದರೆ ಬರೆಯುವ ಮುಂಚೆ ನಿನ್ನನ್ನು ಕೇಳಬಹುದಿತ್ತು. ಪ್ಯಾರಿಸಿನವರು ನಮ್ಮನ್ನು ಕೇಳಲಿಲ್ಲ ಎಂದು ಜೀವನವಿಡೀ ಪಾಠ ಮಾಡಿದವನು ನಾನು."

"ಮತ್ತೆ ಹಾಗೆಯೇ ಬರೆಯುತ್ತೀಯೆಂದು ನನಗೆ ಗೊತ್ತು" ಎಂದರು ಡಾಕ್ಟರರು. ಆಗಲೇ ಅವರು ಮೊದಲ ಸಲ ಅಣ್ಣನ ಮುಖ ನೋಡಿದ್ದು. "ಆ ಜಾಗ ಕೊಡಲು ಆಗುವುದಿಲ್ಲ, ಲಾಯೋಶ್. ಅದು ಒಂದೇ ಇದೆ. ನನಗೆಂದು ಇಟ್ಟುಕೊಂಡಿದ್ದೇನೆ. ನನಗೂ ಅಮ್ಮ ಬೇಕು."

ಇದನ್ನು ನಾನು ಶೇಖರಿಗೆ ತಿರುಗಿಸಲಿಲ್ಲ. ಅವರೂ ಕೇಳಲಿಲ್ಲ. ಶುಕ್ರವಾರದ ಬಾಂಗ್ ಆಯಿತು. ಶೇಖರು ಎದ್ದು, ತಾನು ನಮಾಜಿಗೆ ಹೋಗಿ ಬರುವವರೆಗೆ ಯಾರೂ ಕದಲಬಾರದು ಎಂದು ಹೇಳಿ ಹೋದರು. ಅಣ್ಣ ತಂಗಿ ತಮ್ಮ ಭಾಷೆಯಲ್ಲಿ ಒಂದೆರಡು ಮಾತಾಡಿದರು. ಬಹುಶಃ ಸೆಕೆಯ ಬಗ್ಗೆ. ಒಮ್ಮೆ ಪ್ರೊಫೆಸರ್ ಎದೆ ಮುಟ್ಟಿಕೊಂಡು ಏನೋ ಹೇಳಿದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ.

ಊಟಕ್ಕೆ ಹಬ್ಬದ ಶುವಾ ಬಂತು. ಇಡೀ ಊರಿನವರು ಮಸಾಲೆ ಹಚ್ಚಿದ ಮಾಂಸವನ್ನು ಖರ್ಜೂರದ ಗರಿಯ ಚೀಲದಲ್ಲಿ ಕಟ್ಟಿ ಒಂದೇ ಹೊಂಡದ ಕೆಂಡದಲ್ಲಿ ಹೂತಿಟ್ಟು, ಮರುದಿನ ತೆಗೆದು ತಿನ್ನುವ ಅಡುಗೆ ಅದು. ದೊಡ್ಡ ತಟ್ಟೆಯ ಅನ್ನದ ಸುತ್ತ ನಾವು ನಾಲ್ವರೂ ಕೂತೆವು. ಶೇಖರು ಅತಿಥಿಯ ಮುಂದೆ ಕೊಬ್ಬಿನ ಒಳ್ಳೆಯ ತುಂಡುಗಳನ್ನೇ ಆರಿಸಿ ಹಾಕಿದರು. ಡಾಕ್ಟರರು ಕೈ ಚಾಚಿ ಒಂದೊಂದನ್ನೇ ಅಣ್ಣನ ಮುಂದಿನಿಂದ ಎತ್ತಿ ತಮ್ಮ ಕಡೆ ಹಾಕಿಕೊಂಡರು. ಪ್ರೊಫೆಸರ್ ತಡೆಯಲು ನೋಡಿದರು. ಡಾಕ್ಟರರು ಅವರ ಎದೆಗೆ ಬೆರಳು ತೋರಿಸಿ ಗದರಿದರು. ಭಾಷೆ ಬಾರದಿದ್ದರೂ, ಹೃದಯ ಸರಿಯಿಲ್ಲದವನು ಕೊಬ್ಬು ತಿನ್ನುವುದೇ ಎಂದು ಗದರಿದ್ದು ಶೇಖರಿಗೂ ಅರ್ಥವಾಯಿತು. ಮುದುಕ ಗಡ್ಡದೊಳಗೆ ನಕ್ಕರು.

ನಾಲ್ಕು ಗಂಟೆಗೆ ಹೊರಟೆವು. ಸೆಕೆ ಬೆಳಿಗ್ಗೆಗಿಂತ ಹೆಚ್ಚಾಗಿತ್ತು, ಸ್ಟೇರಿಂಗ್ ಮುಟ್ಟಲಾಗುತ್ತಿರಲಿಲ್ಲ. ಶೇಖರು ಒಂದು ಚೀಲ ಲಿಂಬೆ ಡಿಕ್ಕಿಗೆ ಹಾಕಿಸಿ ಪ್ರೊಫೆಸರನ್ನು ಮೂಗಿಗೆ ಮೂಗು ತಾಗಿಸಿ ಬೀಳ್ಕೊಟ್ಟರು. ಪ್ರೊಫೆಸರ್ ಕರಗಿದ ಚಾಕಲೇಟಿನ ಡಬ್ಬಿಯನ್ನು ಮಜ್ಲಿಸ್‌ನಲ್ಲೇ ಬಿಟ್ಟು ಬಂದು ಕಾರಿನಲ್ಲಿ ಕೂತರು. ಬಂದ ಕೆಲಸ ಆಗಲಿಲ್ಲ ಎಂದುಕೊಂಡು ನಾನು ಕೀಲಿ ತಿರುಗಿಸಿದೆ. ಇಷ್ಟು ವರ್ಷ ಬೇರೆಯವರ ಹೆಣಗಳನ್ನು ಊರು ಸೇರಿಸಿದವನಿಗೆ ಬದುಕಿರುವ ಒಬ್ಬ ಮುದುಕನಿಗೆ ಜಾಗ ಕೊಡಿಸಲಾಗಲಿಲ್ಲ ಎಂದು ಬೇಸರವೇ ಆಯಿತು.

ಆಗ ಡಾಕ್ಟರರು ಹೊರಮನೆಯಿಂದ ಬಂದರು. ಬೆಳಿಗ್ಗೆ ತೆರೆಯದ ಬಾಗಿಲನ್ನು ಹಾಗೇ ತೆರೆದಿಟ್ಟು ಬಂದಿದ್ದರು. ಪ್ರೊಫೆಸರರ ಬದಿಯ ಬಾಗಿಲು ತೆಗೆದು, ಕಾಲು ಕಾರಿನ ಮೆಟ್ಟಿಲಿಗಿಟ್ಟು ನಿಂತರು. ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲೇ ಹೇಳಿದರು.

"ಮೊದಲು ಯಾರು ಹೋಗುತ್ತಾರೋ ಆ ಜಾಗ ಅವರದು. ಉಳಿದವರು ಬೇರೆ ಎಲ್ಲಾದರೂ ನೋಡಿಕೊಳ್ಳಬೇಕು."

ಪ್ರೊಫೆಸರ್ ತಂಗಿಯನ್ನೇ ನೋಡಿದರು. "ಇದು ಒಪ್ಪಂದವೇ?"

"ಸಹಿ ಹಾಕುವುದಿಲ್ಲ. ನಮ್ಮವರು ಸಹಿ ಹಾಕಿದ್ದು ಸಾಕು."

ಪ್ರೊಫೆಸರ್ ನಗುತ್ತಾರೆಂದುಕೊಂಡೆ. ಅವರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಡಾಕ್ಟರರು ಬಗ್ಗಿ, ಅಣ್ಣನ ಹೆಗಲ ಹಿಂದಿನಿಂದ ಬೆಲ್ಟನ್ನು ಎಳೆದು, ಎದೆಯ ಮೇಲಿಂದ ಹಾಯಿಸಿ, ಟಕ್ ಎಂದು ಸಿಕ್ಕಿಸಿದರು. ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದರು. ಆಮೇಲೆ ಅಣ್ಣನ ಮೇಲಿಂದ ನನ್ನ ಕಡೆ ನೋಡಿ ಹೇಳಿದರು:

"ನಿಧಾನ ಓಡಿಸಿ. ಆ ಜಾಗವನ್ನು ಇಷ್ಟು ಬೇಗ ಬಿಟ್ಟುಕೊಡುವವಳಲ್ಲ ನಾನು."

ನಾನು ತಲೆಯಾಡಿಸಿದೆ. ಕನ್ನಡಿಯಲ್ಲಿ ಅವರು ಲಿಂಬೆ ಮರದ ಕೆಳಗೆ ಬಹಳ ಹೊತ್ತು ಕಾಣುತ್ತಿದ್ದರು. ಪ್ರೊಫೆಸರ್ ಖಾಬೂರಾದವರೆಗೆ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ನಿದ್ದೆ ಹೋದರು. ಸುವೈಕ್‌ನಲ್ಲಿ ಫೆಲಿಕ್ಸ್ ಚಾಕ್ಕೆ ಕಾಯುತ್ತಿರುತ್ತಾನೆಂದು ಗೊತ್ತಿದ್ದೂ ನಿಲ್ಲಿಸಲಿಲ್ಲ. ಹಿಂದಿನಿಂದ ಬಂದ ಲಾರಿಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು. ಬೌಷರ್ ಮುಟ್ಟುವಾಗ ಕತ್ತಲಾಗಿತ್ತು. ದಾರಿಯಲ್ಲಿ ಆ ಗಂಟೆ ಒಂದು ಸಲವೂ ಬಾರಿಸಲಿಲ್ಲ.